ಸೂಜಿ ಚುಚ್ಚಿದ ಮಾತ್ರಕ್ಕೆ ಕರು ಹುಟ್ಟಲ್ಲ

ಅಡುಗೆಮನೆಯ ಗ್ಯಾಸ್ ಲೈಟರ್ ನೋಡಿದ್ದೀರಲ್ವಾ? ಒತ್ತಿದರೆ ಒಳಗಿರುವ ಪೀಜೋ ವಸ್ತುವಿನಲ್ಲಿ ವೋಲ್ಟೇಜ್ ಹುಟ್ಟಿ ಕಿಡಿ ಹಾರುತ್ತೆ. ಇದನ್ನೇ ತಿರುಗಿಸಿ ವೋಲ್ಟೇಜ್ ಕೊಟ್ಟರೆ, ಆ ವಸ್ತು ತುಸು ಹಿಗ್ಗುತ್ತೆ, ಕುಗ್ಗುತ್ತೆ. ಇದಕ್ಕೂ ಹಸು ಕರು ಹಾಕೋದಕ್ಕೂ ಏನು ನಂಟು ಅಂತೀರಾ?

ನಂಟು ಇರೋದು 'ಇಕ್ಸಿ' ತಂತ್ರದಲ್ಲಿ. ಮೈಕ್ರೋಸ್ಕೋಪ್ ಕೆಳಗೆ, ಗಾಜಿನ ಸೂಜಿಯಿಂದ ಒಂದೇ ಒಂದು ವೀರ್ಯಾಣುವನ್ನು ಅಂಡಾಣುವಿನ ಒಳಗೆ ಸೇರಿಸುವುದೇ ಇಕ್ಸಿ. ಬ್ರಸೆಲ್ಸ್‌ನ ತಂಡ ಮನುಷ್ಯರಲ್ಲಿ ಇದರ ಯಶಸ್ಸನ್ನು ವರದಿ ಮಾಡಿದ್ದು 1992ರಲ್ಲಿ. ಜಪಾನಿನ ಗೋಟೋ ಮತ್ತು ಸಂಗಡಿಗರು 1990ರಲ್ಲೇ, ಅದೂ ಸತ್ತ ವೀರ್ಯಾಣು ಬಳಸಿ, ಕರು ಪಡೆದಿದ್ದರು! ಆದರೂ ಇವತ್ತು ಇಕ್ಸಿ ಮನುಷ್ಯರಲ್ಲಿ ಮಾಮೂಲು, ದನಗಳಲ್ಲಿ ಬಹುಮಟ್ಟಿಗೆ ಪ್ರಯೋಗಾಲಯಕ್ಕೇ ಸೀಮಿತ. ಯಾಕೆ ಹೀಗೆ?

ಮೊದಲ ತೊಡಕು ಮೆಕ್ಯಾನಿಕಲ್. ಹೋರಿಯ ವೀರ್ಯಾಣುವಿನ ತಲೆ ಮನುಷ್ಯನದ್ದಕ್ಕಿಂತ ದೊಡ್ಡದು, ಹಾಗಾಗಿ ಸೂಜಿಯೂ ದಪ್ಪ ಇರಬೇಕು. ಹಸುವಿನ ಅಂಡಾಣುವಿನ ಅಗಲ ಸುಮಾರು 120 ಮೈಕ್ರೋಮೀಟರ್ ಅಷ್ಟೇ. ಒಳಗೆ ಕೊಬ್ಬಿನ ಹನಿಗಳು ತುಂಬಿರೋದ್ರಿಂದ ಕಪ್ಪಾಗಿ ಕಾಣುತ್ತೆ. ಮೆಲ್ಲಗೆ ಒತ್ತಿದರೆ ಪೊರೆ ರಬ್ಬರಿನಂತೆ ಎಳೆಯುತ್ತೆ, ಜೋರಾಗಿ ತಳ್ಳಿದರೆ ಅಂಡಾಣುವೇ ಹಾಳು. ಇಲ್ಲಿ ಪೀಜೋ ನೆರವಿಗೆ ಬರುತ್ತೆ. ಸೂಜಿಯ ಹಿಡಿಗೆ ಪೀಜೋ ಘಟಕ ಜೋಡಿಸಿ ಸಣ್ಣ ಪಲ್ಸ್ ಕೊಟ್ಟರೆ, ಚಪ್ಪಟೆ ತುದಿಯ ಸೂಜಿಯೂ ಪೊರೆಯನ್ನು ಥಟ್ಟನೆ ತೂರುತ್ತೆ. ಕಿಮುರಾ ಮತ್ತು ಯಾನಗಿಮಾಚಿ 1995ರಲ್ಲಿ ಇದನ್ನು ಇಲಿಗಳಲ್ಲಿ ಸಾಧಿಸಿದರು, ಆಮೇಲೆ ದನಗಳಿಗೂ ಬಂತು. ಪಲ್ಸ್ ತುದಿವರೆಗೆ ಚೆನ್ನಾಗಿ ತಲುಪಲಿ ಅಂತ ಸೂಜಿಯೊಳಗೆ ಪಾದರಸ ತುಂಬುತ್ತಿದ್ದರು. ಅದು ವಿಷ, ಹಾಗಾಗಿ ಬದಲಿಗೆ ಭಾರವಾದ ಫ್ಲೋರೋಕಾರ್ಬನ್ ದ್ರವಗಳು ಬಂದವು.

ಎರಡನೆಯ ತೊಡಕೇ ದೊಡ್ಡದು. ಸಹಜವಾಗಿ ವೀರ್ಯಾಣು ಒಳಬಂದಾಗ ಅಂಡಾಣುವಿನಲ್ಲಿ ಕ್ಯಾಲ್ಸಿಯಂ ಅಲೆಗಳು ಮತ್ತೆ ಮತ್ತೆ ಏಳುತ್ತವೆ. ಅದೇ ಅದರ ಅಲಾರಾಂ. ಹಸುವಿನ ಇಕ್ಸಿಯಲ್ಲಿ ಈ ಅಲಾರಾಂ ಎಷ್ಟೋ ಸಲ ಸರಿಯಾಗಿ ಹೊಡೆಯೋದೇ ಇಲ್ಲ. ಅದಕ್ಕೇ ಅಯೊನೊಮೈಸಿನ್‌ನಂಥ ರಾಸಾಯನಿಕದಿಂದ ಎಬ್ಬಿಸುತ್ತಾರೆ. ಬಿಗಿಯಾಗಿ ಸುತ್ತಿಕೊಂಡ ವೀರ್ಯಾಣುವಿನ ತಲೆಯನ್ನು ಸಡಿಲಿಸಲು ಡಿಟಿಟಿ ಎಂಬ ರಾಸಾಯನಿಕವನ್ನೂ ಪ್ರಯತ್ನಿಸಿದ್ದಾರೆ.

ಇಲ್ಲೊಂದು ಮೋಸ ಇದೆ, ನೋಡಿ. ರಾಸಾಯನಿಕದಿಂದ ಎದ್ದ ಅಂಡಾಣು ವೀರ್ಯಾಣುವಿನ ಪಾಲಿಲ್ಲದೆಯೂ ಒಡೆದು ಎರಡಾಗಬಲ್ಲದು! ಅದರಿಂದ ಕರು ಹುಟ್ಟಲ್ಲ. ಹಾಗಾಗಿ ಚುಚ್ಚಿದ ಮೇಲೆ ಎಷ್ಟು ಅಂಡಾಣು ಒಡೆದವು ಅಂತ ಎಣಿಸಿದರೆ ಸಾಲದು. ವೀರ್ಯಾಣು ಚುಚ್ಚದೆ, ಬರೀ ರಾಸಾಯನಿಕ ಕೊಟ್ಟ ಅಂಡಾಣುಗಳ ಜೊತೆ ಹೋಲಿಸಲೇಬೇಕು. ನಮ್ಮ ಲ್ಯಾಬ್‌ನಲ್ಲಿ ಹೇಳಿಕೊಡುವ 'ಕಂಟ್ರೋಲ್' ಅಂದ್ರೆ ಇದೇ.

ಇಷ್ಟೆಲ್ಲ ಕಷ್ಟ ಯಾಕೆ? ನಮ್ಮ ಕೃಷ್ಣಾ ಕಣಿವೆ ತಳಿಯಂತೆ ಸಂಖ್ಯೆ ಕುಸಿದಿರುವ ದನಗಳಿವೆ. ಅಂಥ ತಳಿಯ ಹೋರಿಯೊಂದರ ವೀರ್ಯದಲ್ಲಿ ಈಜಬಲ್ಲ ಜೀವಾಣು ಒಂದೂ ಉಳಿದಿಲ್ಲ ಅಂದುಕೊಳ್ಳಿ. ಆಗ ಉಳಿಯುವ ದಾರಿ ಇಕ್ಸಿಯೊಂದೇ. ಸೂಜಿಯ ಸಮಸ್ಯೆಗೆ ಎಂಜಿನಿಯರಿಂಗ್ ಉತ್ತರ ಸಿಕ್ಕಿದೆ, ಅಲಾರಾಂ ಸರಿಮಾಡೋ ಕೆಲಸ ಇನ್ನೂ ಬಾಕಿ ಇದೆ.