ಹಣ್ಣಿನಲ್ಲಿ ಉಳಿದ ಔಷಧಿಯ ಪತ್ತೆ

ದ್ರಾಕ್ಷಿಯ ಗೊಂಚಲೊಂದನ್ನು ತೊಳೆದು ಮಕ್ಕಳ ಕೈಗೆ ಕೊಡುವಾಗ, ತೋಟದಲ್ಲಿ ಹೊಡೆದ ಔಷಧಿ ಇದರಲ್ಲಿ ಇನ್ನೂ ಉಳಿದಿದೆಯೆ ಎಂಬ ಶಂಕೆ ನಿಮಗೂ ಬಂದಿರಬಹುದು. ತೊಳೆದರೆ ಸಿಪ್ಪೆಯ ಮೇಲಿನದು ಸ್ವಲ್ಪ ಹೋದೀತು. ಗಿಡದ ರಸದೊಡನೆ ಹಣ್ಣಿನೊಳಗೆ ಹೊಕ್ಕದ್ದು ಹೋಗದು. ಕಣ್ಣಿಗೂ ನಾಲಗೆಗೂ ತಿಳಿಯದ ಈ ಶೇಷವನ್ನು ಪ್ರಯೋಗಶಾಲೆ ಹೇಗೆ ಕಂಡುಹಿಡಿಯುತ್ತದೆ ಎಂಬುದನ್ನು ವಿಚಾರಿಸೋಣ.

ಮೊದಲು ಅಳತೆಯ ಮಾತು. ಪ್ರತ್ಯೇಕ ಮಿತಿ ಗೊತ್ತುಮಾಡದ ಕೀಟನಾಶಕಗಳಿಗೆ ಯುರೋಪಿನಲ್ಲಿ ಇರುವ ಸಾಮಾನ್ಯ ಮಿತಿ ಕಿಲೋ ಒಂದಕ್ಕೆ 0.01 ಮಿಲಿಗ್ರಾಂ. ಹತ್ತು ಟನ್ ಹೇರಿದ ಹತ್ತು ಲಾರಿಗಳ ದ್ರಾಕ್ಷಿಯಲ್ಲೆಲ್ಲ ಹರಡಿಕೊಂಡ ಒಂದೇ ಒಂದು ಗ್ರಾಂ ಎಂದು ತಿಳಿಯಿರಿ. ಇದನ್ನು ಹುಡುಕಬೇಕು.

ತೋಟದ ಒಂದೇ ಬಳ್ಳಿಯಿಂದ ಹಣ್ಣು ಕಿತ್ತರೆ ಸಾಲದು. ಅಲ್ಲಲ್ಲಿಂದ ಆರಿಸಿ ತಂದು, ತೊಳೆಯದೆ, ಸಿಪ್ಪೆಸಮೇತ ನುಣ್ಣಗೆ ಅರೆಯುತ್ತಾರೆ. ಅದರಲ್ಲಿ ಸುಮಾರು ಹತ್ತು ಗ್ರಾಂ ತೆಗೆದು ಅಸಿಟೊನೈಟ್ರೈಲ್ ಎಂಬ ದ್ರಾವಕದೊಡನೆ ಕುಲುಕುತ್ತಾರೆ. ಲವಣಗಳನ್ನು ಹಾಕಿದೊಡನೆ ನೀರು ಕೆಳಗೆ, ದ್ರಾವಕ ಮೇಲೆ ಬೇರೆಯಾಗುತ್ತವೆ. ಕೀಟನಾಶಕಗಳು ಬಹುಮಟ್ಟಿಗೆ ದ್ರಾವಕಕ್ಕೆ ಬಂದಿರುತ್ತವೆ. 2003ರಲ್ಲಿ ಪ್ರಕಟವಾದ ಈ ಸುಲಭ ಕ್ರಮ ಇಂದು ಲೋಕದ ಎಲ್ಲೆಡೆ ಬಳಕೆಯಲ್ಲಿದೆ.

ಮುಂದಿನದು ಯಂತ್ರದ ಕೆಲಸ. ಕ್ರೊಮಟೋಗ್ರಾಫಿನ ಸಣ್ಣ ಕೊಳವೆಯಲ್ಲಿ ಹಾಯುವಾಗ ಒಂದೊಂದು ವಸ್ತುವೂ ತನ್ನ ತನ್ನ ಹೊತ್ತಿಗೆ ಹೊರಬೀಳುತ್ತದೆ. ಹೊರಬಿದ್ದುದನ್ನು ಮಾಸ್ ಸ್ಪೆಕ್ಟ್ರೋಮೀಟರು ಒಡೆದು, ಚೂರುಗಳನ್ನು ತೂಗುತ್ತದೆ. ಹೊತ್ತು, ತೂಕ ಎರಡೂ ಹೊಂದಿದರೆ ಮಾತ್ರ ಇಂಥದೇ ಔಷಧಿ ಎಂದು ನಿರ್ಧಾರ. ತಮ್ಮ ಕೈಯನ್ನೂ ಪರೀಕ್ಷಿಸಿಕೊಳ್ಳಲು ಶಾಲೆಯವರು ಶುದ್ಧವಾದ ಹಣ್ಣಿಗೆ ಗೊತ್ತಾದ ಪ್ರಮಾಣದ ಔಷಧಿ ಬೆರೆಸಿ, ಎಷ್ಟು ಮರಳಿ ಸಿಕ್ಕಿತೆಂದು ನೋಡುತ್ತಾರೆ.

ಇಷ್ಟು ಜಾಗರೂಕತೆಯಿದ್ದರೂ ಒಂದು ಸಂದು ಉಳಿಯುತ್ತದೆ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಮಿತಿಗಿಂತ ಹೆಚ್ಚಾಗಿ ಕಂಡುಬಂದಿತು. ಬಳ್ಳಿಯ ಹುಲುಸನ್ನು ತಡೆದು ಫಲ ಹೆಚ್ಚಿಸಲು ಬಳಸುವ ವಸ್ತು ಅದು. ಮಾಲು ತಿರಸ್ಕೃತವಾಗಿ ಬೆಳೆಗಾರರು ಬಹಳ ನಷ್ಟಪಟ್ಟರು. ಹಡಗೇರುವ ಮುನ್ನ ಪರೀಕ್ಷೆ ನಡೆದಿರಲಿಲ್ಲವೆ? ನಡೆದಿತ್ತು, ಆದರೆ ಹುಡುಕಬೇಕಾದವುಗಳ ಪಟ್ಟಿಯಲ್ಲಿ ಈ ಹೆಸರಿರಲಿಲ್ಲ. ಮೇಲಾಗಿ ಅದು ನೀರನ್ನು ಬಿಟ್ಟು ದ್ರಾವಕಕ್ಕೆ ಸುಲಭವಾಗಿ ಬಾರದ ಜಾತಿಯದು. ಅದಕ್ಕೆ ಬೇರೆ ಕ್ರಮವೇ ಬೇಕು.

ಆದುದರಿಂದ 'ಪತ್ತೆಯಾಗಿಲ್ಲ' ಎಂಬ ವರದಿಯನ್ನು ಓದುವಾಗ, ಏನೂ ಇಲ್ಲವೆಂದು ತಿಳಿಯಬೇಡಿ. ಹುಡುಕಿದ ವಸ್ತುಗಳಲ್ಲಿ ಯಾವುದೂ ಯಂತ್ರ ಕಾಣುವಷ್ಟು ಇಲ್ಲವೆಂದಷ್ಟೇ ಅದರ ಅರ್ಥ. ಪಟ್ಟಿಯನ್ನು ಸರಿಯಾಗಿ ಬರೆಯಬೇಕಾದರೆ ತೋಟದಲ್ಲಿ ಏನನ್ನು, ಯಾವ ದಿನ ಹೊಡೆದರೆಂಬುದು ತಿಳಿದಿರಬೇಕು. ಬೆಳೆಗಾರರಾದ ನೀವು ಔಷಧಿ ಹೊಡೆದ ದಿನವನ್ನು ಬರೆದಿಟ್ಟು, ಡಬ್ಬಿಯ ಮೇಲೆ ಹೇಳಿದಷ್ಟು ದಿನ ಕಾದು ಕೊಯ್ದರೆ, ಪರೀಕ್ಷೆ ಅರ್ಧ ಅಲ್ಲಿಯೇ ಮುಗಿದಂತೆ.