ಜಂಬಿಟ್ಟಿಗೆ ನೆಲದಲ್ಲಿ ಮನೆಯ ಪಾಯ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇಂದು ಏಳುತ್ತಿರುವ ಒಂದೆರಡು ಅಂತಸ್ತಿನ ಮನೆಗಳ ಭಾರವೆಲ್ಲ ಬಹುಮಟ್ಟಿಗೆ ನೆಲದಡಿ ನಾಲ್ಕೈದು ಅಡಿಗಳಲ್ಲೇ ಕುಳಿತ ಕಾಂಕ್ರೀಟಿನ ಪಾಯದ ಮೇಲೆ ನಿಂತಿರುತ್ತದೆ. ತನ್ನ ಅಗಲಕ್ಕಿಂತ ಹೆಚ್ಚು ಆಳಕ್ಕೆ ಇಳಿಯದ ಇಂಥ ಪಾಯವನ್ನು ಎಂಜಿನಿಯರುಗಳು ಆಳವಿಲ್ಲದ ಪಾಯವೆಂದು ವರ್ಗೀಕರಿಸುತ್ತಾರೆ. ಈ ವಿಂಗಡಣೆಯನ್ನು ರೂಢಿಗೆ ತಂದವನು, 1925ರಲ್ಲಿ ಪ್ರಕಟವಾದ ತನ್ನ ಗ್ರಂಥದಿಂದ ಮಣ್ಣಿನ ಬಲದ ಅಧ್ಯಯನಕ್ಕೆ ಶಾಸ್ತ್ರದ ರೂಪ ಕೊಟ್ಟ ಆಸ್ಟ್ರಿಯದ ಎಂಜಿನಿಯರ್ ಕಾರ್ಲ್ ಟೆರ್ಜಾಗಿ. ಕಟ್ಟಡದ ಭಾರವನ್ನು ಮಣ್ಣು ತಾಳಬಲ್ಲಷ್ಟು ವಿಸ್ತಾರಕ್ಕೆ ಹರಡುವುದೇ ಇಂಥ ಪಾಯದ ಕೆಲಸ. ಆದರೆ ಪಾಯ ಸೋಲುವುದು ಭಾರದಿಂದ ಮಾತ್ರವಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ಮೀರುವ, ಹುಲಿಕಲ್ಲಿನಂಥ ಘಟ್ಟದಂಚಿನ ಊರುಗಳೂ ಅದೇ ಬಗೆಯ ಮಳೆ ಕಾಣುವ ಈ ಸೀಮೆಯಲ್ಲಿ ಪಾಯಕ್ಕೆ ದೊಡ್ಡ ಪರೀಕ್ಷೆ ಒಡ್ಡುವುದು ನೀರು.

ಮಲೆನಾಡಿನ ಹಳೆಯ ಮನೆಗಳಿಗೆ ಇಂದಿನ ಮಾದರಿಯ ಪಾಯ ಬೇಕಿರಲಿಲ್ಲ. ಮಣ್ಣಿನ ಅಥವಾ ಜಂಬಿಟ್ಟಿಗೆಯ ದಪ್ಪ ಗೋಡೆ ಮರದ ತೊಲೆ ಮತ್ತು ಹೆಂಚಿನ ಮಾಡನ್ನು ಹೊತ್ತು, ಆ ಭಾರವನ್ನು ತನ್ನ ಉದ್ದಕ್ಕೂ ಸಮನಾಗಿ ನೆಲಕ್ಕೆ ಇಳಿಸುತ್ತಿದ್ದುದರಿಂದ, ಗೋಡೆಯ ಕೆಳಗೆ ಅದಕ್ಕಿಂತ ತುಸು ಅಗಲವಾಗಿ ಕಲ್ಲು ಕಟ್ಟಿದ ಪಟ್ಟಿಪಾಯ ಸಾಕಾಗುತ್ತಿತ್ತು. ಆ ಕಲ್ಲುಕೆಲಸದ ಬಾಳಿಕೆಯನ್ನು ತಿಳಿಯಲು ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಹೋಗಬಹುದು. ಕೆಳದಿ ಅರಸರ ಕಾಲದ ಅರಮನೆಯ ಮಾಡು, ಗೋಡೆಗಳು ಅಳಿದ ಮೇಲೂ ಅಲ್ಲಿ ಕೋಣೆಗಳ ವಿನ್ಯಾಸವನ್ನು ಓದಲು ಸಾಧ್ಯವಾಗುವುದು ಕಲ್ಲಿನ ಪಂಚಾಂಗ ಉಳಿದಿರುವುದರಿಂದ. ಪಾಯದ ಮೇಲೆ ನೆಲಮಟ್ಟದಿಂದ ಮನೆಯ ಒಳನೆಲದವರೆಗೆ ಎದ್ದುನಿಲ್ಲುವ ಕಟ್ಟೆಯ ಭಾಗವೇ ಪಂಚಾಂಗ. ಆರ್‌ಸಿಸಿ ಚಾವಣಿ ಬಂದ ಬಳಿಕ ಭಾರ ಹೆಚ್ಚಿತು, ಅದರ ಹಾದಿಯೂ ಬದಲಾಯಿತು. ಚಾವಣಿಯ ಭಾರ ಬೀಮುಗಳಿಗೆ, ಬೀಮುಗಳಿಂದ ಕಾಲಂಗಳಿಗೆ ಸಾಗಿ, ಒಂಬತ್ತಿಂಚು ಅಗಲದ ಕಾಲಮ್ಮಿನ ಕಾಲಬುಡದಲ್ಲಿ ಒಟ್ಟುಗೂಡತೊಡಗಿತು. ಹಾಗೆ ಒಂದೆಡೆ ಸೇರಿದ ಭಾರವನ್ನು ಮತ್ತೆ ಹರಡುವುದಕ್ಕೆಂದೇ ಪ್ರತಿ ಕಾಲಮ್ಮಿನ ಅಡಿಯಲ್ಲಿ ಫೂಟಿಂಗ್ ಎಂಬ ಚೌಕಾಕಾರದ ಕಾಂಕ್ರೀಟ್ ಪೀಠವನ್ನು ಹಾಕುತ್ತಾರೆ. ಕೆಸರುಗದ್ದೆಯಲ್ಲಿ ಹಿಮ್ಮಡಿಯೂರಿದರೆ ಮೊಣಕಾಲವರೆಗೆ ಹೂಳುವ ಆಳು ಹಲಗೆ ಹಾಸಿಕೊಂಡರೆ ಮೇಲೆಯೇ ನಡೆಯಬಲ್ಲನಷ್ಟೆ; ಫೂಟಿಂಗು ಕಾಲಮ್ಮಿಗೆ ಆ ಹಲಗೆ.

ಹಲಗೆ ಎಷ್ಟು ದೊಡ್ಡದಿರಬೇಕೆಂಬ ಲೆಕ್ಕ ಸರಳವಾದುದೇ. ಕಾಲಮ್ಮೊಂದು 20 ಟನ್ ಭಾರ ಇಳಿಸುತ್ತದೆ ಎಂದುಕೊಂಡು, ಪೀಠದ ಸ್ವಂತ ತೂಕಕ್ಕೆ ಹತ್ತನೇ ಒಂದು ಪಾಲು ಸೇರಿಸಿದರೆ ಒಟ್ಟು 22 ಟನ್ ಆಗುತ್ತದೆ. ಮಣ್ಣು ಚದರ ಮೀಟರಿಗೆ 15 ಟನ್ ಭಾರವನ್ನು ಅಪಾಯವಿಲ್ಲದೆ ತಾಳುವಂಥದ್ದಾದರೆ ಸುಮಾರು 1.47 ಚದರ ಮೀಟರ್ ಜಾಗ ಬೇಕು, ಅಂದರೆ 1.25 ಮೀಟರಿನ ಚೌಕ ಸಾಕು. ಅದೇ ಮಣ್ಣಿನ ತಾಳಿಕೆ ಅರ್ಧಕ್ಕಿಳಿದರೆ ಚೌಕದ ಬದಿ 1.75 ಮೀಟರ್ ಆಗಬೇಕಾಗುತ್ತದೆ. ಈ ಅರ್ಧದ ಮಾತು ಕೇವಲ ಉದಾಹರಣೆಯಲ್ಲ: ಮರಳು ಮತ್ತು ಗೊರಚಿನಂಥ ನೆಲದಲ್ಲಿ ಅಂತರ್ಜಲ ಪೀಠದ ತಳದವರೆಗೆ ಏರಿ ನಿಂತರೆ ಮಣ್ಣಿನ ತಾಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬುದು ಈ ಶಾಸ್ತ್ರದ ಮೂಲಪಾಠಗಳಲ್ಲಿ ಒಂದು. ಫೆಬ್ರವರಿಯ ಒಣನೆಲದಲ್ಲಿ ಹಾರೆ ಪುಟಿದೇಳುವಷ್ಟು ಗಟ್ಟಿಯಾಗಿ ಕಂಡ ಗುಂಡಿಯನ್ನೇ ನಂಬಿ ಪೀಠದ ಅಳತೆ ನಿಗದಿಪಡಿಸುವುದು ಈ ಕಾರಣಕ್ಕೆ ತಪ್ಪು. ಲೆಕ್ಕ ಹಾಕಬೇಕಾದದ್ದು ಜುಲೈ ತಿಂಗಳ ನೆಲಕ್ಕೆ.

ಈ ಸೀಮೆಯ ನೆಲದ ಸ್ವಭಾವವೂ ಸ್ವಲ್ಪ ಮೋಸದ್ದೇ. ಮಲಬಾರಿನಲ್ಲಿ ಕಂಡ ಜಂಬಿಟ್ಟಿಗೆಯನ್ನು 'ಲ್ಯಾಟರೈಟ್' ಎಂಬ ಹೆಸರಿನಿಂದ 1807ರ ತನ್ನ ಗ್ರಂಥದಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಿದ ಫ್ರಾನ್ಸಿಸ್ ಬುಕನನ್, ಅದೇ ಪ್ರವಾಸದಲ್ಲಿ 1801ರಲ್ಲಿ ಇಕ್ಕೇರಿ ಮತ್ತು ನಗರಗಳನ್ನೂ ಹಾದುಹೋಗಿದ್ದನು. ನೆಲದೊಳಗಿದ್ದಾಗ ಕೊಡಲಿಯಿಂದ ಕಡಿಯುವಷ್ಟು ಮೆದುವಾಗಿದ್ದು ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವ ಈ ಕಲ್ಲು, ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಕರಗುವ ಅಂಶವನ್ನೆಲ್ಲ ತೊಳೆದೊಯ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶವನ್ನು ಉಳಿಸಿದ್ದರಿಂದ ಆದುದು. ಆದ್ದರಿಂದ ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿ, ಇಲ್ಲಿ ಕೆಳಕ್ಕೆ ಹೋದಷ್ಟೂ ನೆಲ ಗಟ್ಟಿಯಾಗುತ್ತದೆಂಬ ಭರವಸೆಯಿಲ್ಲ. ಮೇಲಿನ ಗಟ್ಟಿ ಪದರದ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಶೇಡಿಮಣ್ಣು ಇರಬಹುದು. ಒಣಗಿದಾಗ ಬಿಗಿಯಾಗಿಯೇ ತೋರುವ ಅದು ನೀರು ಕುಡಿದರೆ ಬಲ ಕಳೆದುಕೊಂಡು ಜಾರತೊಡಗುತ್ತದೆ. ಅಂಥ ಜಾಗದಲ್ಲಿ ಆಳದ ಆಸೆಗೆ ಗಟ್ಟಿ ಪದರವನ್ನೇ ಒಡೆದು ಶೇಡಿಯ ಮೇಲೆ ಪೀಠ ಕೂರಿಸುವುದಕ್ಕಿಂತ, ಮೇಲಿನ ಪದರ ಸಾಕಷ್ಟು ದಪ್ಪವಿದ್ದರೆ ಅದರಲ್ಲೇ ಅಗಲವಾದ ಪೀಠ ಹಾಕಿ ನಿಲ್ಲುವುದು ಲೇಸು. ಭಾರತೀಯ ಮಾನಕ ಐ.ಎಸ್. 1904 ಕೂಡ ಪಾಯವು ಸಹಜ ನೆಲಮಟ್ಟದಿಂದ ಕನಿಷ್ಠ 50 ಸೆಂಟಿಮೀಟರ್ ಕೆಳಗಿರಬೇಕೆಂದಷ್ಟೇ ಹೇಳುತ್ತದೆ. ಅದಕ್ಕೂ ಕೆಳಗೆ ಎಲ್ಲಿ ನಿಲ್ಲಬೇಕೆಂಬುದನ್ನು ಮಣ್ಣಿನ ಪರೀಕ್ಷೆ ತೀರ್ಮಾನಿಸಬೇಕು. ಪ್ರಯೋಗಾಲಯದ ಪರೀಕ್ಷೆಗೂ ಮೊದಲು ಪದರಗಳ ಸುಳಿವು ಸಿಗುವ ಎರಡು ಜಾಗಗಳು ಮಲೆನಾಡಿನಲ್ಲಿ ಕೈಗೆಟಕುವಷ್ಟು ಹತ್ತಿರದಲ್ಲಿವೆ: ಒಂದು, ಪಕ್ಕದ ತೆರೆದ ಬಾವಿಯ ಒಳಗೋಡೆ; ಇನ್ನೊಂದು, ರಸ್ತೆಗಾಗಿ ಕಡಿದ ಧರೆ. ಬಾವಿಯಲ್ಲಿ ಮಳೆಗಾಲದ ನೀರು ಎಲ್ಲಿಯವರೆಗೆ ಏರುತ್ತದೆಂಬುದನ್ನು ಮನೆಯವರಿಂದ ಕೇಳಿ ತಿಳಿದರೆ ಅಂತರ್ಜಲದ ಲೆಕ್ಕವೂ ಸಿಕ್ಕಂತಾಗುತ್ತದೆ.

ಇಳಿಜಾರಿನ ನಿವೇಶನ ಈ ಭಾಗದ ಇನ್ನೊಂದು ಕಷ್ಟ. ಗುಡ್ಡದ ಮೇಲ್ಬದಿಯನ್ನು ಯಂತ್ರದಿಂದ ಕಡಿದು, ಆ ಮಣ್ಣನ್ನು ಕೆಳಬದಿಗೆ ತಳ್ಳಿ ಸಮತಟ್ಟು ಮಾಡಿದ ಜಾಗದಲ್ಲಿ ಮನೆ ಕಟ್ಟಿದರೆ, ಅರ್ಧ ಮನೆ ಮೂಲನೆಲದ ಮೇಲೂ ಉಳಿದರ್ಧ ತುಂಬಿದ ಮಣ್ಣಿನ ಮೇಲೂ ನಿಲ್ಲುತ್ತದೆ. ಎಲ್ಲ ಪೀಠಗಳೂ ಒಂದೇ ಸಮ ಒಂದಿಂಚು ಕುಸಿದರೆ ಮನೆಗೆ ಅಷ್ಟಾಗಿ ಧಕ್ಕೆಯಿಲ್ಲ, ಆದರೆ ಒಂದು ಬದಿ ಅಲುಗದೆ ನಿಂತು ಇನ್ನೊಂದು ಬದಿ ಮಾತ್ರ ಕುಸಿದಾಗ ಗೋಡೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಏಳುವ ಬಿರುಕು ಕಾಣಿಸಿಕೊಳ್ಳುತ್ತದೆ. ತುಂಬಿದ ಮಣ್ಣು ಎಷ್ಟೇ ಹಳೆಯದಾಗಿರಲಿ, ಪೀಠಗಳು ಅದನ್ನು ದಾಟಿ ಮೂಲನೆಲಕ್ಕೆ ಇಳಿಯಲೇಬೇಕು; ಆಳ ಹೆಚ್ಚಾದ ಕಡೆ ಮೆಟ್ಟಿಲಾಗಿ ಇಳಿಸಬಹುದು. ಗದ್ದೆಗೆ ಮಣ್ಣು ಹೊಡೆಸಿ ಮಾಡಿದ ನಿವೇಶನಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಜಾಗ ನಿಶ್ಚಯವಾಗಿ ಗುದ್ದಲಿಪೂಜೆ ಮುಗಿದ ಮೇಲೆ, ಬೇರು ಮತ್ತು ಕೊಳೆತ ಎಲೆ ಸೇರಿದ ಮೇಲ್ಮಣ್ಣನ್ನು ಕೆರೆದು ತೆಗೆದು, ಗೂಟ ಮತ್ತು ದಾರದಿಂದ ಕಾಲಂಗಳ ನಡುರೇಖೆಯನ್ನು ಗುರುತಿಸಿ ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಾರೆ. ಮೂಲೆ ನೇರವಾಗಿದೆಯೇ ಎಂಬುದನ್ನು ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಅಳೆದು, ತುದಿಗಳ ನಡುವೆ ಸರಿಯಾಗಿ 5 ಅಡಿ ಬರುತ್ತದೆಯೇ ಎಂದು ನೋಡಿ ಮೇಸ್ತ್ರಿಗಳು ತಿಳಿಯುತ್ತಾರೆ. ಗುಂಡಿ ತೆಗೆಯುವಾಗ ನಕ್ಷೆಯ ಆಳಕ್ಕಿಂತ ಕೆಳಗೆ ಹೋಗಿಬಿಟ್ಟರೆ ಸಡಿಲ ಮಣ್ಣು ಎಳೆದು ಮಟ್ಟ ಮಾಡಬಾರದು. ಹೆಚ್ಚಾದ ಆಳವನ್ನು ಕಾಂಕ್ರೀಟಿನಿಂದಲೇ ತುಂಬಬೇಕು. ಅಕಾಲದ ಮಳೆ ಬಂದು ಗುಂಡಿಯಲ್ಲಿ ನೀರು ನಿಂತರೆ, ನೀರೆತ್ತಿದರಷ್ಟೇ ಸಾಲದು, ಮೆತ್ತಗಾದ ತಳದ ಮಣ್ಣನ್ನೂ ಕೆರೆದು ಹೊರಹಾಕಬೇಕು. ತಳ ಸಿದ್ಧವಾದ ದಿನವೇ, ಬಿಸಿಲಿಗೆ ಬಿರಿಯುವ ಮತ್ತು ಮಳೆಗೆ ನೆನೆಯುವ ಮೊದಲು, ಸುಮಾರು ನಾಲ್ಕಿಂಚು ದಪ್ಪದ ಬೆಡ್ ಕಾಂಕ್ರೀಟ್ ಹಾಸುವುದು ಉತ್ತಮ. ಈ ತೆಳುಪದರ ಭಾರ ಹೊರಲೆಂದು ಇರುವುದಲ್ಲ. ಮೇಲೆ ಬರುವ ಕಬ್ಬಿಣ ಮಣ್ಣಿಗೆ ತಾಗದಂತೆಯೂ, ಕಾಂಕ್ರೀಟಿನ ಸಿಮೆಂಟ್ ಹಾಲು ಮಣ್ಣಿಗೆ ಇಂಗಿಹೋಗದಂತೆಯೂ ಇದು ತಡೆಯುತ್ತದೆ.

ಬೆಡ್ಡಿನ ಮೇಲೆ ಎರಡೂ ದಿಕ್ಕಿಗೆ ಕಂಬಿ ಹೆಣೆದ ಜಾಲರಿ ಕೂರುತ್ತದೆ. ಚಾವಣಿಯ ನಡುಭಾಗದಲ್ಲಿ ಕಂಬಿ ಕೆಳಗಿರುವಂತೆಯೇ ಪೀಠದಲ್ಲೂ ಅದು ಕೆಳಗೇ ಇರುತ್ತದೆ, ಆದರೆ ಕಾರಣ ಬೇರೆ. ಕಾಲಂ ನಡುವನ್ನು ಕೆಳಕ್ಕೆ ಒತ್ತುವಾಗ ನೆಲ ಪೀಠದ ಅಂಚುಗಳನ್ನು ಮೇಲಕ್ಕೆ ಒತ್ತುವುದರಿಂದ ಪೀಠದ ತಳಭಾಗ ಎಳೆತಕ್ಕೆ ಸಿಲುಕುತ್ತದೆ. ಒತ್ತಡ ತಾಳಬಲ್ಲ ಕಾಂಕ್ರೀಟ್ ಎಳೆತವನ್ನು ತಾಳಲಾರದು, ಅದನ್ನು ತಾಳುವುದು ಕಬ್ಬಿಣ. ಈ ಕಬ್ಬಿಣಕ್ಕೂ ಪೀಠದ ಹೊರಮೈಗೂ ನಡುವೆ 50 ಮಿಲಿಮೀಟರ್ ಕಾಂಕ್ರೀಟ್ ಇರಬೇಕೆಂಬ ನಿಯಮ ಐ.ಎಸ್. 456ರಲ್ಲಿದೆ. ಅದಕ್ಕಾಗಿ ಜಾಲರಿಯ ಅಡಿಯಲ್ಲಿ ಸಿಮೆಂಟಿನ ಕವರ್ ಬ್ಲಾಕ್ ಇಡಬೇಕು. ಕೈಗೆ ಸಿಕ್ಕ ಜಲ್ಲಿಚೂರನ್ನು ತುರುಕಿ ಕಂಬಿ ಎತ್ತುವ ಅಭ್ಯಾಸ ಅನೇಕ ಕಡೆ ಇದೆ. ಕಾಂಕ್ರೀಟ್ ಸುರಿಯುವಾಗ ಆಳುಗಳು ತುಳಿದರೆ ಆ ಚೂರು ಜಾರಿ ಜಾಲರಿ ಬೆಡ್ಡಿಗೇ ತಾಗುತ್ತದೆ, ಆರು ತಿಂಗಳು ತೇವ ಆರದ ನೆಲದಲ್ಲಿ ತುಕ್ಕು ಹಿಡಿಯಲು ಅಷ್ಟು ಸಾಕು. ಕಾಲಮ್ಮಿನ ಕಂಬಿಗಳ ಬುಡವನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಜಾಲರಿಯ ಮೇಲೆ ನಿಲ್ಲಿಸಿ, ತೂಗುಗುಂಡು ಬಿಟ್ಟು ನೇರ ನೋಡಿ ಬಿಗಿಯುವುದರೊಂದಿಗೆ ಕಂಬಿಯ ಕೆಲಸ ಮುಗಿಯುತ್ತದೆ.

ಕಾಂಕ್ರೀಟಿನ ವಿಷಯದಲ್ಲಿ ಐ.ಎಸ್. 456 ಮಣ್ಣಿನಲ್ಲಿ ಹೂತಿರುವ ಭಾಗವನ್ನು ಮಧ್ಯಮ ತೀವ್ರತೆಯ ಪರಿಸರಕ್ಕೆ ಸೇರಿಸಿ, ಅದಕ್ಕೆ ಎಂ 25 ದರ್ಜೆಯ ಕಾಂಕ್ರೀಟ್, ಘನಮೀಟರಿಗೆ ಕನಿಷ್ಠ 300 ಕಿಲೋ ಸಿಮೆಂಟ್, ಮತ್ತು ಸಿಮೆಂಟಿನ ತೂಕದ ಅರ್ಧಕ್ಕೆ ಮೀರದ ನೀರು ಇರಬೇಕೆಂದು ಹೇಳುತ್ತದೆ. ಎಂ 25 ಎಂದರೆ 15 ಸೆಂಟಿಮೀಟರಿನ ಘನಾಕೃತಿಯ ಮಾದರಿ 28 ದಿನಗಳ ಬಳಿಕ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಾಳಬೇಕೆಂದು ಅರ್ಥ. 50 ಕಿಲೋ ಚೀಲವೊಂದಕ್ಕೆ ನೀರು 25 ಲೀಟರ್ ಮಾತ್ರ. ಕೆಲಸ ಸಲೀಸಾಗಲೆಂದು ಮಿಕ್ಸರಿಗೆ ಸುರಿಯುವ ಇನ್ನೊಂದು ಕೊಡ ನೀರು ಮುಂದೆ ಆವಿಯಾಗಿ ಕಾಂಕ್ರೀಟಿನೊಳಗೆ ಸೂಕ್ಷ್ಮ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಬಲ ಕುಂದುವುದೂ, ನೆಲದ ತೇವ ಒಳನುಗ್ಗುವುದೂ ಆ ರಂಧ್ರಗಳಿಂದಲೇ. ಮಲೆನಾಡಿನಲ್ಲಿ ಈ ಲೆಕ್ಕವನ್ನು ಕೆಡಿಸುವ ಇನ್ನೊಂದು ಸಂಗತಿ ಒದ್ದೆ ಮರಳು. ಚೀಲಕ್ಕೆ 75 ಕಿಲೋ ಮರಳು ಬೀಳುವ ಮಿಶ್ರಣದಲ್ಲಿ ಆ ಮರಳು ಶೇಕಡಾ 5ರಷ್ಟು ತೇವವಾಗಿದ್ದರೂ ಸುಮಾರು 4 ಲೀಟರ್ ನೀರು ಅದರೊಳಗೇ ಇರುತ್ತದೆ, ಅಷ್ಟನ್ನು 25 ಲೀಟರಿನಿಂದ ಕಳೆಯಬೇಕು. ಜತೆಗೆ ತೇವದ ಮರಳು ಉಬ್ಬಿ ಹೆಚ್ಚು ಜಾಗ ಹಿಡಿಯುವುದರಿಂದ, ಬಾಂಡ್ಲಿ ಲೆಕ್ಕದಲ್ಲಿ ಅಳೆದಾಗ ಬೇಕಾದುದಕ್ಕಿಂತ ಕಡಿಮೆ ಮರಳು ಬಿದ್ದಿರುತ್ತದೆ. ಉಬ್ಬನ್ನು ತಿಳಿಯಲು ಯಂತ್ರ ಬೇಡ: ನೇರ ಬದಿಯ ಗಾಜಿನ ಪಾತ್ರೆಗೆ 20 ಸೆಂಟಿಮೀಟರ್ ಎತ್ತರ ಒದ್ದೆ ಮರಳು ಹಾಕಿ, ಮುಳುಗುವಷ್ಟು ನೀರು ಹೊಯ್ದು ಕಲಕಿ ಬಿಟ್ಟಾಗ ಮರಳು 16 ಸೆಂಟಿಮೀಟರಿಗೆ ತಂಗಿದರೆ, ಉಬ್ಬು ಕಾಲು ಭಾಗ ಎಂದಾಯಿತು.

ಸುರಿದ ಕಾಂಕ್ರೀಟಿನೊಳಗಿನ ಗಾಳಿಯನ್ನು ವೈಬ್ರೇಟರಿನಿಂದ ಹೊರಡಿಸಬೇಕು, ಒಂದು ಪೀಠವನ್ನು ಒಂದೇ ಬಾರಿಗೆ ಮುಗಿಸಬೇಕು, ಮತ್ತು ಮಿಶ್ರ ಸಿಮೆಂಟ್ ಬಳಸಿದ್ದರೆ ಕನಿಷ್ಠ 10 ದಿನ ನೀರುಣಿಸಬೇಕು. ಕಾಂಕ್ರೀಟ್ ಗಟ್ಟಿಯಾಗುವುದು ಒಣಗುವುದರಿಂದಲ್ಲ, ಸಿಮೆಂಟು ನೀರಿನೊಡನೆ ನಡೆಸುವ ರಾಸಾಯನಿಕ ಕ್ರಿಯೆಯಿಂದ.

ಅನಂತರ ಕಾಲಂಗಳು ಪಂಚಾಂಗದ ಮಟ್ಟಕ್ಕೆ ಏರುತ್ತವೆ, ನಡುವೆ ಸೈಜುಗಲ್ಲಿನ ಕಟ್ಟಡ ಬರುತ್ತದೆ, ಅದರ ಮೇಲೆ ಎಲ್ಲ ಕಾಲಂಗಳನ್ನೂ ಒಂದಕ್ಕೊಂದು ಕಟ್ಟಿಹಾಕುವ ಪ್ಲಿಂತ್ ಬೀಮು ಹಾಯುತ್ತದೆ. ಪಂಚಾಂಗದ ಒಳಗೆ ಮಣ್ಣು ತುಂಬುವ ಕೆಲಸ ಅತಿ ಹೆಚ್ಚು ಅಸಡ್ಡೆಗೆ ಗುರಿಯಾಗುವಂಥದ್ದು. ಒಂದು ಲಾರಿ ಮಣ್ಣನ್ನು ಒಮ್ಮೆಲೇ ಸುರಿದು ನೀರು ಬಿಟ್ಟರೆ ಮೇಲ್ಮೈ ಮಾತ್ರ ಕೂರುತ್ತದೆ. ಆರರಿಂದ ಎಂಟಿಂಚಿನ ಪದರಗಳಾಗಿ ಹಾಕಿ, ಹದವಾದ ತೇವ ಕೊಟ್ಟು ದಿಮ್ಮಸಿನಿಂದ ಬಡಿಯಬೇಕು. ಒಂದು ಮಳೆಗಾಲ ಕಳೆಯಲು ಬಿಟ್ಟು ಬಳಿಕ ನೆಲಹಾಸು ಮಾಡುವ ಹಳೆಯ ರೂಢಿಯಲ್ಲಿ ವಿವೇಕವಿದೆ, ಆದರೆ ಅದು ಬಡಿಯುವ ಕೆಲಸಕ್ಕೆ ಬದಲಿಯಾಗಲಾರದು. ಗೆದ್ದಲಿನ ಔಷಧ ಹಾಕಬೇಕಾದದ್ದೂ ಇದೇ ಹಂತದಲ್ಲಿ, ನೆಲ ಮುಚ್ಚುವ ಮುನ್ನ.

ಪಾಯ ಮುಗಿದ ಮೇಲೂ ಅದರ ರಕ್ಷಣೆ ಮುಗಿಯುವುದಿಲ್ಲ. ಸೂರಿನ ನೀರು ಗೋಡೆಯ ಬುಡದಲ್ಲೇ ಬಿದ್ದು ಇಂಗಿದರೆ ಪೀಠದ ಅಡಿಯ ಮಣ್ಣು ವರ್ಷವರ್ಷ ನೆನೆದು ಸಡಿಲಗೊಳ್ಳುತ್ತದೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದು ಬೇರಿನ ನೀರನ್ನು ಇಳಿಸುವ ವಿದ್ಯೆ ಈ ಸೀಮೆಯ ಪ್ರತಿ ರೈತನಿಗೂ ಗೊತ್ತು. ಮನೆಯ ಮೇಲ್ಬದಿಯಲ್ಲಿ, ಧರೆಯ ಬುಡದಿಂದ ಸಾಕಷ್ಟು ದೂರವಿಟ್ಟು, ಅಂಥದೇ ಕಾಲುವೆ ತೆಗೆದು ಗುಡ್ಡದ ನೀರನ್ನು ಮನೆಯ ಪಕ್ಕಕ್ಕೆ ತಿರುಗಿಸಿದರೆ ಪಾಯದ ಅರ್ಧ ಚಿಂತೆ ಕಳೆಯುತ್ತದೆ. ಗೋಡೆಯ ಸುತ್ತ ಹೊರಕ್ಕೆ ಇಳಿಜಾರಿರುವ ಕಾಂಕ್ರೀಟ್ ಅಂಚು ಹಾಕುವುದೂ, ಇಂಗುಗುಂಡಿಯನ್ನು ಪಾಯದ ಹತ್ತಿರ ತೋಡದಿರುವುದೂ ಇದರ ಮುಂದುವರಿಕೆ.

ಒಂದು ಅಂತಸ್ತಿಗೆಂದು ಹಾಕಿದ ಪಾಯದ ಮೇಲೆ ಹತ್ತು ವರ್ಷದ ಬಳಿಕ ಇನ್ನೊಂದು ಅಂತಸ್ತು ಏರಿಸುವ ಯೋಚನೆ ಬಂದಾಗ, ಪೀಠದ ಅಳತೆ, ಆಳ ಮತ್ತು ಕಂಬಿಯ ವಿವರ ಮನೆಯವರಲ್ಲಿ ಯಾರ ಬಳಿಯೂ ಇರುವುದಿಲ್ಲ, ಆಗ ಮೂಲೆಯೊಂದನ್ನು ಅಗೆದು ನೋಡಬೇಕಾಗುತ್ತದೆ. ಗುಂಡಿ ಮುಚ್ಚುವ ಮೊದಲು ಪ್ರತಿ ಪೀಠದ ಅಳತೆ ಬರೆದು, ಜಾಲರಿ ಮತ್ತು ತಳದ ಮಣ್ಣು ಕಾಣುವಂತೆ ಫೋಟೊ ತೆಗೆದು, ಎಂಜಿನಿಯರ್ ಸಹಿಯಿರುವ ಪಾಯದ ನಕ್ಷೆಯೊಡನೆ ಅವನ್ನು ಮನೆಯ ಕಾಗದಪತ್ರಗಳ ಕಡತದಲ್ಲೇ ಇಡುವುದಕ್ಕೆ ಅರ್ಧ ದಿನವೂ ಬೇಕಾಗುವುದಿಲ್ಲ.