ಸೀನಿಯರ್‌ಗೆ ಏನಂತ ಕೇಳಬೇಕು?

ಐದನೇ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಮ್ಮಲ್ಲಿ ಬಹಳ ಮಂದಿ ಲಿಂಕ್ಡ್‌ಇನ್ ತೆರೀತೀವಿ. ಕಾಲೇಜಿನ ಹೆಸರು ಹಾಕಿ ಹುಡುಕಿ, ಸಿಕ್ಕ ಹತ್ತಿಪ್ಪತ್ತು ಸೀನಿಯರ್‌ಗಳಿಗೆ ಒಂದೇ ಮೆಸೇಜ್ ಕಳಿಸ್ತೀವಿ: "ಹಾಯ್ ಸರ್, ಪ್ಲೀಸ್ ಗೈಡ್ ಮಿ." ಉತ್ತರ ಬರೋದಿಲ್ಲ. "ದೊಡ್ಡ ಕಂಪನಿ ಸೇರಿದ ಮ್ಯಾಲೆ ನಮ್ಮನ್ನ ಯಾರು ಕೇಳ್ತಾರಪಾ" ಅಂತ ಬೈಕೊಂಡು ಸುಮ್ಮನಾಗ್ತೀವಿ. ಆದರೆ ಆ ಮೆಸೇಜನ್ನ ಒಮ್ಮೆ ಸೀನಿಯರ್ ಜಾಗದಲ್ಲಿ ಕೂತು ಓದಿ ನೋಡ್ರಿ. ಅದರಲ್ಲಿ ಪ್ರಶ್ನೆಯೇ ಇಲ್ಲ. ಉತ್ತರ ಎಲ್ಲಿಂದ ಬರಬೇಕು?

ಹಳೆ ವಿದ್ಯಾರ್ಥಿಗಳ ಮಾರ್ಗದರ್ಶನ, ಅಂದರೆ ಅಲ್ಯುಮ್ನಿ ಮೆಂಟರಿಂಗ್, ಹೇಗೆ ಕೆಲಸ ಮಾಡುತ್ತೆ, ನಮ್ಮಂಥ ಊರಿನ ಹುಡುಗ-ಹುಡುಗಿಯರಿಗೆ ಅದು ಯಾಕೆ ಹೆಚ್ಚು ಬೇಕು, ಅದನ್ನ ಹೇಗೆ ಕೇಳಬೇಕು ಅನ್ನೋದನ್ನ ಇಲ್ಲಿ ಬಿಡಿಸಿ ಹೇಳ್ತೀನಿ.

ಮೆಂಟರಿಂಗ್, ರೆಫರಲ್, ಕೋಚಿಂಗ್

ಈ ಮೂರನ್ನೂ ನಾವು ಒಂದೇ ಅಂದುಕೊಂಡಿದ್ದೀವಿ. ಕೋಚಿಂಗ್ ಅಂದರೆ ಪಾಠ. ಅದಕ್ಕೆ ಯೂಟ್ಯೂಬ್ ಇದೆ, ಪುಸ್ತಕ ಇದೆ. ರೆಫರಲ್ ಅಂದರೆ ಕಂಪನಿಯಲ್ಲಿರುವವರು ನಿಮ್ಮ ರೆಸ್ಯೂಮೆಯನ್ನ ಒಳಗಿನಿಂದ ಎಚ್‌ಆರ್‌ಗೆ ತಲುಪಿಸೋದು. ಅದರಿಂದ ರೆಸ್ಯೂಮೆ ಕಣ್ಣಿಗೆ ಬೀಳಬಹುದು, ಇಂಟರ್‌ವ್ಯೂ ನೀವೇ ಪಾಸಾಗಬೇಕು. ಮೆಂಟರಿಂಗ್ ಬೇರೆಯೇ. ನಾಳೆ ನಾವು ಹೋಗಬೇಕಾದ ದಾರಿಯಲ್ಲಿ ನಿನ್ನೆ ಹೋದವರು ಎಲ್ಲಿ ತಗ್ಗಿದೆ, ಎಲ್ಲಿ ತಿರುವಿದೆ ಅಂತ ಹೇಳೋದು. ನಡೆಯೋದು ನಾವೇ.

ಮೊದಲನೇ ಮಾತಿಗೇ ರೆಫರಲ್ ಕೇಳಿದರೆ ಸೀನಿಯರ್ ಹಿಂಜರೀತಾರೆ. ನಿಮ್ಮ ಕೆಲಸವನ್ನೇ ನೋಡದೆ ತಮ್ಮ ಹೆಸರಿನ ಮೇಲೆ ನಿಮ್ಮನ್ನ ಹೇಗೆ ಕಳಿಸಬೇಕು? ನಾಲ್ಕು ತಿಂಗಳು ನಿಮ್ಮ ಪ್ರಾಜೆಕ್ಟ್ ನೋಡಿದವರು ಕೇಳದೇ ರೆಫರ್ ಮಾಡಬಹುದು.

ಮನೋಳಿಯಲ್ಲಿ ಸಿಗದ ಮಾಹಿತಿ

ನವಿಲುತೀರ್ಥ ಡ್ಯಾಮಿನ ಕೆಳಗೆ, ಮಲಪ್ರಭೆಯ ದಂಡೆಗೆ ನಮ್ಮ ಮನೋಳಿ. ಸರ್ಕಾರಿ ಕಾಗದದಲ್ಲಿ ಮುನವಳ್ಳಿ. ಇಲ್ಲಿಂದ, ಅಥವಾ ಬೈಲಹೊಂಗಲ, ಕಿತ್ತೂರು, ರಾಮದುರ್ಗದಿಂದ ಎಂಜಿನಿಯರಿಂಗ್‌ಗೆ ಬಂದವರಲ್ಲಿ ಬಹಳ ಮಂದಿ ಮನೆಯ ಮೊದಲ ಎಂಜಿನಿಯರ್. ಅಪ್ಪ, ಕಾಕಾ, ಮಾಮಾ ಎಲ್ಲರೂ ನಮ್ಮ ಹಿತ ಬಯಸೋರೇ. ಆದರೆ ಅವರಿಗೆಲ್ಲ ಗೊತ್ತಿರೋದು ಅದೇ ನಾಲ್ಕು ದಾರಿ: ಮಾಸ್ತರಿಕೆ, ಪೊಲೀಸ್, ಪಿಡಿಒ, ಇಲ್ಲಾಂದ್ರೆ "ಬೆಂಗಳೂರಿಗೆ ಹೋಗು, ಏನರ ಸಿಗತೈತಿ".

ಇದು ನಮ್ಮೂರಿನ ದೋಷ ಅಲ್ಲ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಇದರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಅಮೆರಿಕದ ಬೋಸ್ಟನ್ ಹತ್ತಿರ, ಪರಿಚಯದವರ ಮೂಲಕ ಕೆಲಸ ಹಿಡಿದಿದ್ದವರನ್ನ ಅವನು ವಿಚಾರಿಸಿದ್ದ: ಸುದ್ದಿ ಕೊಟ್ಟವರನ್ನ ನೀವು ಎಷ್ಟು ಸಲ ಭೇಟಿಯಾಗ್ತಿದ್ರಿ? ಪದೇ ಪದೇ ಭೇಟಿಯಾಗ್ತಿದ್ದವರಿಂದ ಸುದ್ದಿ ಸಿಕ್ಕಿದ್ದು ಶೇ. 16.7 ಮಂದಿಗೆ ಮಾತ್ರ. ಆಗೊಮ್ಮೆ ಈಗೊಮ್ಮೆ ಸಿಗೋರಿಂದ ಶೇ. 55.6, ಅಪರೂಪಕ್ಕೆ ಸಿಗೋರಿಂದ ಶೇ. 27.8. ಕಾರಣ ಸರಳ. ದಿನಾ ನಮ್ಮ ಜೊತೆ ಕೂಡೋರಿಗೆ ನಮಗೆ ಗೊತ್ತಿರೋದೇ ಗೊತ್ತಿರುತ್ತೆ. ಹೊಸ ಸುದ್ದಿ ಬರೋದು ಬೇರೆ ಬಳಗದಲ್ಲಿ ಓಡಾಡೋರಿಂದ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ, 2 ಕೋಟಿ ಲಿಂಕ್ಡ್‌ಇನ್ ಬಳಕೆದಾರರ ಮೇಲಿನ ಅಧ್ಯಯನವೂ ಹೆಚ್ಚು ಕಡಿಮೆ ಇದನ್ನೇ ಹೇಳಿತು: ಕೆಲಸದ ವಿಷಯದಲ್ಲಿ ತೀರಾ ಹತ್ತಿರದವರಿಗಿಂತ ಸ್ವಲ್ಪ ದೂರದ ಪರಿಚಯದವರೇ ಹೆಚ್ಚು ನೆರವಾಗ್ತಾರೆ.

ಕಾಲೇಜಿನ ಹಳೆ ವಿದ್ಯಾರ್ಥಿ ಅಂದರೆ ಇಂಥದೇ ದೂರದ ಪರಿಚಯ. ನಮ್ಮ ಮೆಸ್ಸಿನ ಸಾರು, ಇಂಟರ್ನಲ್ಸ್, ಬ್ಯಾಕ್‌ಲಾಗ್ ಎಲ್ಲ ಗೊತ್ತಿದ್ದೂ ಬೇರೆ ಲೋಕದಲ್ಲಿ ಇರೋರು.

ಒಂದು ಉದಾಹರಣೆ ನೋಡ್ರಿ. "ಎಂ.ಟೆಕ್ ಮಾಡಾಕ ರೊಕ್ಕ ಎಲ್ಲೈತಿ?" ಅಂತ ಎಷ್ಟೋ ಮನೆಯಲ್ಲಿ ಆ ಮಾತು ಅಲ್ಲಿಗೇ ಮುಗಿಯುತ್ತೆ. ಗೇಟ್ ಪಾಸಾಗಿ ಐಐಟಿ, ಎನ್‌ಐಟಿಯಂಥ ಕಡೆ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ, ಗೇಟ್ ಅಂಕ 3 ವರ್ಷ ನಡೆಯುತ್ತೆ, ಮೂರನೇ ವರ್ಷದಲ್ಲೇ ಪರೀಕ್ಷೆ ಬರೀಬಹುದು. ಇದೇನೂ ಗುಟ್ಟಲ್ಲ. ಆದರೆ ಹೇಳೋರು ಯಾರೂ ಇಲ್ಲದಿದ್ದರೆ ಗುಟ್ಟಿದ್ದಂಗೇ. ಪದವಿ ಮುಗಿದ ಮೇಲೆ ಎಚ್‌ಎಎಲ್, ಬಿಇಎಲ್‌ನಂಥ ಸಂಸ್ಥೆಗಳಲ್ಲಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಇರೋದೂ ಹಾಗೇ.

ನಮ್ಮ ನೆಲದಲ್ಲೇ ಮಾದರಿ ಇದೆ

ಮುಂದೆ ಹೋದವರು ಹಿಂದಿನವರಿಗೆ ಕೈ ಕೊಟ್ಟು ಎತ್ತೋದು ನಮ್ಮ ಭಾಗಕ್ಕೆ ಹೊಸದಲ್ಲ. ಮನೋಳಿಗೆ ಹತ್ತಿರದ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡರು. ಅಷ್ಟರೊಳಗೆ ತಮ್ಮ ಆಸ್ತಿಯನ್ನ ಮಕ್ಕಳ ಓದಿಗೆ ಅಂತ ಮೃತ್ಯುಪತ್ರ ಬರೆದಿಟ್ಟಿದ್ದರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಇರೋದು ಅವರದೇ ಹೆಸರು.

ಆಗ ನಮ್ಮ ಕಡೆಯವರು ಪದವಿ ಓದಬೇಕಂದ್ರೆ ಪುಣೆ, ಮುಂಬೈ ಕಡೆ ಹೋಗಬೇಕಿತ್ತು. ಧಾರವಾಡದ ಕರ್ನಾಟಕ ಕಾಲೇಜು ಶುರುವಾಗಿದ್ದೇ 1917ರಲ್ಲಿ. ಹಾಗೆ ಕಷ್ಟಪಟ್ಟು ಓದಿದ ಏಳು ಜನ ಯುವಕರು, ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮೊದಲಾದವರು, 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಶಾಲೆ ತೆರೆದರು. ಅದೇ ಕೆಎಲ್‌ಇ ಸಂಸ್ಥೆಯ ಆರಂಭ. ಜನ ಅವರನ್ನ ಸಪ್ತರ್ಷಿಗಳು ಅಂತಾರೆ. 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಶುರು ಮಾಡಿದ್ದೂ ಇದೇ ಸಂಸ್ಥೆ. ಲಿಂಗರಾಜರು ಕೊಟ್ಟಿದ್ದು ಆಸ್ತಿ, ಈ ಏಳು ಮಂದಿ ಕೊಟ್ಟಿದ್ದು ತಮ್ಮ ಆಯುಷ್ಯ. ನಮ್ಮ ಸೀನಿಯರ್‌ಗಳಿಂದ ನಾವು ಕೇಳ್ತಿರೋದು ತಿಂಗಳಿಗೆ ಅರ್ಧ ಗಂಟೆ.

ಮೊದಲ ಮೆಸೇಜ್ ಹೀಗಿರಲಿ

"ನಮಸ್ಕಾರ ಸರ್. ನಾನು ಮೆಕ್ಯಾನಿಕಲ್ 6ನೇ ಸೆಮ್, ಊರು ಮನೋಳಿ. ನೀವು ಡಿಸೈನ್ ವಿಭಾಗದಲ್ಲಿ ಇದ್ದೀರಿ ಅಂತ ನೋಡಿದೆ. ಸಾಲಿಡ್‌ವರ್ಕ್ಸ್‌ನಲ್ಲಿ ಗೇರ್‌ಬಾಕ್ಸ್ ಮಾಡೆಲ್ ಮಾಡಿದ್ದೀನಿ, ಲಿಂಕ್ ಕೆಳಗಿದೆ. ಮುಂದೆ ಆನ್ಸಿಸ್ ಕಲೀಬೇಕೋ, ಡ್ರಾಯಿಂಗ್ ಮತ್ತು ಟಾಲರೆನ್ಸ್ ಗಟ್ಟಿ ಮಾಡ್ಕೋಬೇಕೋ ತಿಳೀತಿಲ್ಲ. ಬಿಡುವಾದಾಗ ಎರಡು ಸಾಲು ಬರೆದರೆ ಉಪಕಾರ."

ಇದರಲ್ಲಿ ನಾಲ್ಕು ಸಂಗತಿ ಇವೆ: ನೀವು ಯಾರು, ಅವರನ್ನೇ ಯಾಕೆ ಕೇಳ್ತಿದ್ದೀರಿ, ಈವರೆಗೆ ಏನು ಮಾಡಿದ್ದೀರಿ, ಮತ್ತು ಎರಡು ನಿಮಿಷದಲ್ಲಿ ಉತ್ತರಿಸಬಹುದಾದ ಒಂದು ಪ್ರಶ್ನೆ. ಕನ್ನಡದಲ್ಲೇ ಬರೀರಿ, ನಡೆಯುತ್ತೆ. ಇಂಗ್ಲಿಷ್ ತಪ್ಪಾದೀತು ಅನ್ನೋ ಹೆದರಿಕೆಗೆ ಎಷ್ಟೋ ಒಳ್ಳೆ ಪ್ರಶ್ನೆಗಳು ಡ್ರಾಫ್ಟಿನಲ್ಲೇ ಉಳೀತಾವೆ.

ಮೊದಲನೆಯದಕ್ಕಿಂತ ಎರಡನೇ ಮೆಸೇಜ್ ಮುಖ್ಯ. "ಸರ್, ನೀವು ಹೇಳಿದಂಗೆ ಮೂರು ಡ್ರಾಯಿಂಗ್ ಮಾಡಿದೆ, ಇಲ್ಲಿ ಸಿಕ್ಕಿಹಾಕ್ಕೊಂಡೆ" ಅಂತ ಮೂರು ವಾರದ ನಂತರ ಬರೆಯೋರು ಕಡಿಮೆ. ಬಹಳ ಮಂದಿ ಉತ್ತರ ಪಡೆದು "ಥ್ಯಾಂಕ್ಯೂ ಸರ್" ಅಂದು ಮಾಯ. ಹೇಳಿದ್ದು ಉಪಯೋಗಕ್ಕೆ ಬಂತೋ ಇಲ್ಲೋ ಅಂತ ತಿಳಿಯದಿದ್ದರೆ ಸೀನಿಯರ್‌ಗೂ ಉಮೇದು ಇಳಿಯುತ್ತೆ. ಮುಂದಿನ ವರ್ಷದ ಜೂನಿಯರ್‌ಗೆ ಅವರು ಉತ್ತರ ಕೊಡದೇ ಹೋಗಬಹುದು.

ಇನ್ನೊಂದು ಮಾತು. ಮೆಂಟರ್ ಅಂದರೆ ಅಮೆರಿಕದಲ್ಲೇ ಇರಬೇಕಂತಿಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ, ಹತ್ತರಗಿಯ ಏಕಸ್ ಏರೋಸ್ಪೇಸ್ ಘಟಕದಲ್ಲಿ, ಹೆಸ್ಕಾಂ ಆಫೀಸಿನಲ್ಲಿ ಇರೋರನ್ನೂ ಹುಡುಕ್ರಿ. ಹೋದ ವರ್ಷ ಪಾಸಾದ ಅಕ್ಕನಿಗೆ ಈ ವರ್ಷದ ಇಂಟರ್‌ವ್ಯೂ ಬಗ್ಗೆ ಇಪ್ಪತ್ತು ವರ್ಷ ಅನುಭವದ ಮ್ಯಾನೇಜರ್‌ಗಿಂತ ಚೆನ್ನಾಗಿ ಗೊತ್ತಿರುತ್ತೆ.

ದುಡ್ಡಿನ ಮಾತು, ಮನೆಯ ಮಾತು

ಫೈನಲ್ ಇಯರ್‌ನಲ್ಲಿ "ಡೆಪಾಸಿಟ್ ಕಟ್ರಿ, ಆಫರ್ ಲೆಟರ್ ಕೊಡ್ತೀವಿ" ಅನ್ನೋರು ಬರ್ತಾರೆ. "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಕೋರ್ಸಿನವರೂ ಬರ್ತಾರೆ. ಅಪ್ಪ ಕಬ್ಬಿನ ಬಿಲ್ ಬಂದ ದುಡ್ಡನ್ನ ಅಲ್ಲಿಗೆ ಕಟ್ಟೋ ಮುಂಚೆ ಒಬ್ಬ ಸೀನಿಯರ್‌ಗೆ ಫೋನ್ ಮಾಡ್ರಿ. ಕೆಲಸ ಕೊಡೋರು ದುಡ್ಡು ಕೇಳಿದರೆ ಅದು ಕೆಲಸ ಅಲ್ಲ. ಸರ್ವಿಸ್ ಬಾಂಡ್ ಇದ್ದರೆ ಎಷ್ಟು ವರ್ಷ, ಬಿಟ್ಟರೆ ಎಷ್ಟು ಕಟ್ಟಬೇಕು, ಅಸಲಿ ಅಂಕಪಟ್ಟಿ ಇಟ್ಕೋತಾರಾ ಅಂತ ಸಹಿಗೆ ಮೊದಲೇ ಓದಿಸ್ಕೊಳ್ರಿ. ಮೆಂಟರ್ ಅನ್ನಿಸ್ಕೊಂಡವರೇ ಫೀ ಕೇಳಿದರೆ ಅವರನ್ನೂ ಬಿಡ್ರಿ.

ಹುಡುಗಿಯರಿಗೆ ಇನ್ನೊಂದು ಅಡ್ಡಿ ಇರುತ್ತೆ. ಆಫರ್ ಬಂದರೂ "ಅಷ್ಟು ದೂರ ಒಬ್ಬಾಕಿನ್ನ ಹೆಂಗ ಕಳಸೋದು?" ಅನ್ನೋ ಪ್ರಶ್ನೆ. ಅಲ್ಲಿ ರೆಸ್ಯೂಮೆ ಟಿಪ್ಸ್ ಕೆಲಸಕ್ಕೆ ಬರೋದಿಲ್ಲ. ಅದೇ ಊರಿನಲ್ಲಿ ಪಿಜಿಯಲ್ಲಿದ್ದು ದುಡಿಯೋ ನಮ್ಮ ಕಡೆಯ ಒಬ್ಬ ಅಕ್ಕ ಅವ್ವನ ಜೊತೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರೆ ಮನೆಯ ಉತ್ತರ ಬದಲಾಗಬಹುದು.

ಹಾಗಂತ ಸೀನಿಯರ್ ಮಾತೇ ವೇದವಾಕ್ಯ ಅಲ್ಲ. ಅವರು ತಮ್ಮ ವರ್ಷದ, ತಮ್ಮ ಬ್ರಾಂಚಿನ ಅನುಭವ ಹೇಳ್ತಾರೆ. ಎಂಐಟಿಯಲ್ಲಿ 2000ನೇ ಇಸವಿಯಿಂದ ನಡೀತಿರೋ ವೆಂಚರ್ ಮೆಂಟರಿಂಗ್ ಸರ್ವಿಸ್‌ನಲ್ಲಿ ಒಬ್ಬೊಬ್ಬರಾಗಿ ಅಲ್ಲ, ತಂಡವಾಗಿ ಕೂತು ಸಲಹೆ ಕೊಡ್ತಾರೆ. ನಾವೂ ಇಬ್ಬರನ್ನ ಕೇಳೋಣ. ಇಬ್ಬರ ಮಾತು ಬೇರೆಯಾದರೆ ಯಾಕೆ ಬೇರೆ ಅಂತ ವಿಚಾರ ಮಾಡೋಣ.

ನಾವೇನು ಮಾಡಬಹುದು?

ನ್ಯಾಕ್ ಮೌಲ್ಯಮಾಪನದಲ್ಲಿ 'ಹಳೆ ವಿದ್ಯಾರ್ಥಿಗಳ ತೊಡಗುವಿಕೆ'ಗೆ ಪ್ರತ್ಯೇಕ ಜಾಗವೇ ಇದೆ. ಹಾಗಾಗಿ ಕಾಲೇಜುಗಳಲ್ಲಿ ಸಂಘ ಇರುತ್ತೆ, ವರ್ಷಕ್ಕೊಮ್ಮೆ ಊಟವೂ ಆಗುತ್ತೆ. ಆ ಊಟದ ದಿನ ಬ್ರಾಂಚ್, ಊರು, ಕೆಲಸ ಮೂರನ್ನ ಬರೆದ ಒಂದು ಪಟ್ಟಿ ಮಾಡಿದರೆ ಅರ್ಧ ಕೆಲಸ ಮುಗೀತು. ಒಬ್ಬ ಸೀನಿಯರ್‌ಗೆ ಇಬ್ಬರೇ ವಿದ್ಯಾರ್ಥಿಗಳು, ಒಂದೇ ಸೆಮಿಸ್ಟರ್, ತಿಂಗಳಿಗೊಂದು ಕರೆ. ಇಷ್ಟು ಸಣ್ಣದಾಗಿ ಹಿಡಿದರೆ ಯಾರಿಗೂ ಹೊರೆ ಆಗೋದಿಲ್ಲ.

ನೀವು ಮೊದಲನೇ ವರ್ಷದಲ್ಲಿದ್ದರೂ ಆಗಲೇ ಯಾರಿಗೋ ಸೀನಿಯರ್. ನಿಮ್ಮೂರಿನ ಪಿಯುಸಿ ಹುಡುಗಿಗೆ ಸಿಇಟಿ ಆಪ್ಷನ್ ಎಂಟ್ರಿ ಹೇಗೆ ತುಂಬಬೇಕು ಅಂತ ಹೇಳೋರು ಯಾರಿದ್ದಾರೆ? ಈ ಸಲ ಜಾತ್ರೆಗೆ ಊರಿಗೆ ಹೋದಾಗ ಒಂದು ತಾಸು ಅವಳ ಜೊತೆ ಕೂತು ಬರ್ರಿ. ಹೋಗೋ ಮುಂಚೆ, ಈ ವಾರವೇ, ನಿಮ್ಮ ಸೀನಿಯರ್ ಒಬ್ಬರಿಗೆ ಒಂದೇ ಒಂದು ಪ್ರಶ್ನೆ ಬರೀರಿ.